ಧಣಿಯ ಕಾರು

ಹ್ಯಾಡ್ಲೆ ಕ್ರಾಸಿಂಗ್, ಜಾರ್ಜಿಯಾ
೧೮ ಮೇ ೧೯೫೨

ಪ್ರೀತಿಯ ಕ್ಲಿಯೋರಾ,

ನಿಮ್ಮಪ್ಪನ ಕಲ್ಲು ಕೊನೆಗೂ ಬಂತು. ಒಂದು ಮೂಲೆ ಮುಕ್ಕಾಗಿದೆ. ಕೆತ್ತಿದವನನ್ನು ಕೇಳಿದರೆ ‘ಅದು ಕಲ್ಲಿನ ಗುಣ’ ಅಂದ. ಅಬ್ನರನಿಗೂ ಮುಂದಿನ ಹಲ್ಲೊಂದು ಮುಕ್ಕಾಗಿತ್ತಲ್ಲ, ಹೊಂದುತ್ತದೆ ಬಿಡು ಎಂದು ಸುಮ್ಮನಾದೆ. ಜುಲೈ ತಿಂಗಳ ಎರಡನೆಯ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗೋರಿಯ ತಲೆಯ ಬಳಿ ನೆಡಿಸೋಣ ಎಂದಿದ್ದಾರೆ ಪಾದ್ರಿಗಳು. ಆ ದಿನ ನೀನು ಇಲ್ಲಿರಬೇಕು. ನೀನು, ಹೊಸಿಯಾ, ಟೆಸ್ಸಿ, ಮೂವರೂ.

ಟೆಸ್ಸಿಯನ್ನು ನಾನು ಎತ್ತಿಕೊಂಡಿದ್ದಾಗ ಅವಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಈಗ ಏಳು ವರ್ಷವಂತೆ. ನೀನು ಕಳಿಸಿದ ಫೋಟೋದಲ್ಲಿ ಹಣೆ ನಿನ್ನದು, ಕಿವಿ ಅವರಪ್ಪನದು. ಕಾಗದಕ್ಕೆ ಮುತ್ತು ಕೊಟ್ಟು ಕೊಟ್ಟು ನನಗೆ ಸಾಕಾಗಿದೆ.

ರೈಲಿನಲ್ಲಿ ಬರಬೇಡಿ, ಕಾರಿನಲ್ಲೇ ಬನ್ನಿ. ಅಳಿಯ ಬ್ಯೂಕ್ ಕಾರು ಕೊಂಡಿದ್ದಾನೆಂದು ಇಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಪಕ್ಕದ ಮನೆಯ ಮೇಬಲ್ ಮಾತ್ರ ನಂಬುವುದಿಲ್ಲ. ‘ಕಾರು ಕಾರು ಅಂತೀಯಲ್ಲೇ ಓಜೆಲ್ಲಾ, ಅದಕ್ಕೆ ಚಕ್ರ ಇದೆಯೋ, ಬರೀ ನಿನ್ನ ಬಾಯಲ್ಲೇ ಓಡುತ್ತೋ?’ ಎಂದು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು ಕಿಚಾಯಿಸಿದಳು. ಅವಳ ಮನೆ ಮುಂದೆ ನಾನು ಕಿಟಕಿಯಿಂದ ಕೈ ಬೀಸುತ್ತಾ ಹೋಗಬೇಕು. ಹೋಗಿ, ತಿರುಗಿಸಿಕೊಂಡು ಮತ್ತೆ ಬರಬೇಕು.

ದಾರಿಯ ವಿಷಯ ನಿನಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಊಟ ಕಟ್ಟಿಕೊಳ್ಳಿ. ಬಾಯಿಯನ್ನೂ ಕಟ್ಟಿಕೊಳ್ಳಿ.

ನಿನ್ನ ಅಮ್ಮ,
ಓಜೆಲ್ಲಾ


ಡೆಟ್ರಾಯಿಟ್
೨೨ ಜೂನ್ ೧೯೫೨

ಅಮ್ಮಾ,

ಬರುತ್ತೇವೆ. ನನಗೆ ಮನಸ್ಸಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಆದರೆ ಅಪ್ಪನ ಕಲ್ಲು. ಹೊಸಿಯಾನಂತೂ ಈಗಲೇ ಅರ್ಧ ಜಾರ್ಜಿಯಾ ತಲುಪಿದ್ದಾನೆ. ಎರಕದ ಕಾರ್ಖಾನೆಯಿಂದ ಮಸಿ ಮೆತ್ತಿಕೊಂಡು ಬಂದವನು ತನ್ನ ಮೈ ತೊಳೆಯುವ ಮೊದಲು ಕಾರು ತೊಳೆಯುತ್ತಾನೆ. ಟೆಸ್ಸಿಗೆ ಬಿಳಿಯ ಫ್ರಾಕು ಹೊಲಿದಿದ್ದೇನೆ. ಅಂಗಡಿಯಲ್ಲಿ ದಿನವಿಡೀ ಊರವರ ಬಟ್ಟೆ ಹೊಲಿಯುತ್ತೇನಲ್ಲ, ಇದನ್ನು ಮಾತ್ರ ಮಿಷನ್ನಿಗೆ ಕೊಡದೆ ಕೈಯಲ್ಲೇ ಹೊಲಿದೆ. ಅಂಚಿಗೆ ನೀನು ಕಲಿಸಿದ ಕಸೂತಿ ಹಾಕಿದ್ದೇನೆ.

ದಾರಿಗೆ ಕೋಳಿ ಕರಿದು, ಮೊಟ್ಟೆ ಬೇಯಿಸಿ, ಕೇಕು ಮಾಡಿಕೊಳ್ಳಬೇಕು. ಹೂಜಿಯಲ್ಲಿ ನೀರು. ಹೋದ ವಾರ ಕಾಫಿಯ ಖಾಲಿ ಡಬ್ಬ ತೊಳೆದು ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಿದ್ದೆ. ‘ಇದು ಯಾಕಮ್ಮಾ?’ ಎಂದಳು ಟೆಸ್ಸಿ.

‘ದಾರೀಲಿ ನಿಂಗೆ ಒಂದಕ್ಕೆ ಬಂದ್ರೆ.’

‘ದಾರೀಲಿ ಪಾಯಿಖಾನೆ ಇರಲ್ವಾ?’

‘ಇರುತ್ತೆ.’

‘ಮತ್ತೆ?’

‘ಹೋಗಿ ಆಟ ಆಡ್ಕೋ’ ಎಂದೆ. ಡಬ್ಬದಲ್ಲಿ ಇನ್ನೂ ಕಾಫಿಯ ವಾಸನೆಯಿತ್ತು. ಅಂದಿನಿಂದ ನನಗೆ ಕಾಫಿ ಸೇರುತ್ತಿಲ್ಲ.

ಹೊಸಿಯಾ ಇನ್ನೊಂದು ವಸ್ತು ತಂದಿದ್ದಾನೆ. ದೊಡ್ಡವರ ಮನೆಯ ಡ್ರೈವರುಗಳು ಹಾಕುವ ಕಪ್ಪು ಟೋಪಿ. ಹಿಂದಿನ ಸೀಟಿನ ಕೊಕ್ಕೆಗೆ ನೇತು ಹಾಕಿದ್ದಾನೆ. ಒಳ್ಳೆಯ ಕಾರು ಓಡಿಸಿಕೊಂಡು ದಕ್ಷಿಣಕ್ಕೆ ಹೋಗುವ ನಮ್ಮ ಕರಿಯರೆಲ್ಲ ಇಟ್ಟುಕೊಂಡಿರುತ್ತಾರಂತೆ. ‘ಜಾಕು, ಸ್ಪ್ಯಾನರು ಇದ್ದ ಹಾಗೆ ಇದೂ ಒಂದು ಸಾಮಾನು’ ಎಂದ. ನನಗೆ ಅದನ್ನು ಕಂಡರಾಗುವುದಿಲ್ಲ.

ನಿನ್ನ ಮಗಳು,
ಕ್ಲಿಯೋರಾ


ಹ್ಯಾಡ್ಲೆ ಕ್ರಾಸಿಂಗ್
೧೪ ಜುಲೈ ೧೯೫೨

ಕ್ಲಿಯೋರಾ,

ನಿನ್ನೆ ಕಲ್ಲು ನೆಟ್ಟರು.

ಶನಿವಾರ ಬೆಳಗಿನಿಂದ ಹ್ಯಾಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಹ್ಯಾಟಿನ ಬಣ್ಣ ಹಣೆಗೆ ಇಳಿಯಿತು. ಸಂಜೆ ನಿಮ್ಮ ತಂತಿ ಬಂತು: ‘ಬರುವುದಿಲ್ಲ. ಎಲ್ಲರೂ ಸೌಖ್ಯ.’ ಸೌಖ್ಯವಾಗಿರುವವರು ಯಾಕೆ ಬರುವುದಿಲ್ಲ?

ಮೇಬಲ್ ಏನಾದರೂ ಆಡಿಕೊಳ್ಳುತ್ತಾಳೆಂದು ಬಾಯಿ ಸಿದ್ಧಮಾಡಿಕೊಂಡಿದ್ದೆ. ಅವಳು ಒಂದು ಮಾತೂ ಆಡಲಿಲ್ಲ. ಕೈ ಹಿಡಿದು ತನ್ನ ಗಂಡನ ಟ್ರಕ್ಕಿಗೆ ಹತ್ತಿಸಿಕೊಂಡಳು. ಆಡಿಕೊಂಡಿದ್ದರೆ ಚೆನ್ನಾಗಿತ್ತು.

ಏನಾಯಿತು ಎಂದು ಬರೆ.

ಅಮ್ಮ


ಡೆಟ್ರಾಯಿಟ್
೧೭ ಆಗಸ್ಟ್ ೧೯೫೨

ಅಮ್ಮಾ,

ಏನೇನೋ ಊಹಿಸಿಕೊಂಡು ನೀನು ಬರೆದ ಕಾಗದಗಳೆಲ್ಲ ಬಂದವು. ಹೊಸಿಯಾ ಜೈಲಿನಲ್ಲಿಲ್ಲ. ನಾನು ಬಸುರಿಯಲ್ಲ. ಕಾರು ಕೆಟ್ಟಿರಲಿಲ್ಲ. ನಾವು ಹೊರಟಿದ್ದೆವು. ಟೆನ್ನೆಸ್ಸಿಯವರೆಗೆ ಬಂದು ಹಿಂದಕ್ಕೆ ತಿರುಗಿದೆವು. ‘ತಿರುಗಿಸು’ ಎಂದವಳು ನಾನು. ಇದನ್ನು ಬರೆಯಲು ಎಷ್ಟೋ ಸಲ ಕೂತೆ. ಪ್ರತಿ ಸಲವೂ ಎದ್ದುಬಿಟ್ಟೆ.

ಕೆಂಟಕಿಯಲ್ಲಿ ನಮ್ಮ ಚರ್ಚಿನವರೊಬ್ಬರ ಮನೆಯಲ್ಲಿ ಮಲಗಿದ್ದು, ಬೆಳಿಗ್ಗೆ ಹಾಡು ಹೇಳಿಕೊಂಡೇ ಹೊರಟಿದ್ದೆವು. ಟೆನ್ನೆಸ್ಸಿಗೆ ಬರುವಷ್ಟರಲ್ಲಿ ಟೆಸ್ಸಿಗೆ ಹೊಟ್ಟೆ ಕೆಟ್ಟಿತು. ಕಾಫಿ ಡಬ್ಬದಿಂದ ಆಗುವ ಕೆಲಸವಲ್ಲ ಅದು. ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಬಂಕಿನವನು ಪೆಟ್ರೋಲ್ ಹಾಕಿದ, ಗಾಜು ಒರೆಸಿದ, ದುಡ್ಡು ಎಣಿಸಿಕೊಂಡ. ಅಲ್ಲಿಯವರೆಗೆ ಒಳ್ಳೆಯವನೇ.

‘ಮಗೂಗೆ ಪಾಯಿಖಾನೆಗೆ ಹೋಗ್ಬೇಕಿತ್ತು’ ಎಂದೆ.

‘ನಿಮ್ಮೋರಿಗೆ ಇಲ್ಲ.’

‘ಹೊಟ್ಟೆ ಕೆಟ್ಟಿದೆ ಸ್ವಾಮಿ, ತಡ್ಕೊಳ್ಳೋಕೆ ಆಗ್ತಿಲ್ಲ ಅವಳಿಗೆ.’

‘ಹಿಂದ್ಗಡೆ ಹೋಗು, ಜಾಗ ಬೇಕಾದಷ್ಟಿದೆ’ ಎಂದು ನಕ್ಕ.

ಹಿಂದುಗಡೆ ಹಳೆಯ ಟೈರು, ಕೊಳೆತ ಕಲ್ಲಂಗಡಿ ಸಿಪ್ಪೆ, ನೊಣ. ನಮಗಿಂತ ಮೊದಲು ಅಲ್ಲಿಗೆ ಕಳಿಸಲ್ಪಟ್ಟವರು ಬಿಟ್ಟುಹೋದದ್ದು, ಒಣಗಿದ್ದು, ಒಣಗದ್ದು. ಟೆಸ್ಸಿಯ ಹೊಸ ಶೂ ಅದರಲ್ಲೇ ಹೂತಿತು. ಅವಳನ್ನು ಕೂರಿಸಿ, ಮರೆಗೆಂದು ನನ್ನ ಲಂಗ ಅಗಲಿಸಿ ನಿಂತಿದ್ದೆ. ಅಷ್ಟರಲ್ಲಿ ಬಿಳಿಯರಿಗೆಂದೇ ಇದ್ದ ಪಾಯಿಖಾನೆಯ ಬಾಗಿಲು ತೆರೆದು ಒಬ್ಬ ಹೆಂಗಸು ಹೊರಬಂದಳು. ಜೊತೆಯಲ್ಲಿ ಅವಳ ಪುಟ್ಟ ನಾಯಿ. ಒಳಗೆ ಕರೆದುಕೊಂಡು ಹೋಗಿ ನೀರು ಕುಡಿಸಿದ್ದಳೋ ಏನೋ, ಅದರ ಗಡ್ಡ ತೊಟ್ಟಿಕ್ಕುತ್ತಿತ್ತು.

‘ನಾಯೀನ ಬಿಡ್ತಾರಾ ಅಮ್ಮಾ?’ ಎಂದಳು ಟೆಸ್ಸಿ.

ನಾನು ಎಲೆಯಲ್ಲಿ ಅವಳ ಶೂ ಒರೆಸಿದೆ. ನನ್ನ ಕೈಗೂ ಆಯಿತು. ಹೂಜಿಯ ನೀರು ಸಾಲಲಿಲ್ಲ.

ಅಲ್ಲಿಂದ ಸ್ವಲ್ಪ ದೂರ ಹೋಗಿದ್ದೆವು, ಶೆರಿಫನ ಕಡೆಯ ಒಬ್ಬ ಪೊಲೀಸಿನವನು ಕೈ ಅಡ್ಡ ಹಾಕಿದ. ಹೊಸಿಯಾ ನಿಲ್ಲಿಸುವುದಕ್ಕೆ ಮೊದಲೇ ಕೊಕ್ಕೆಯಿಂದ ಟೋಪಿ ಎಳೆದು ತಲೆಗೆ ಹಾಕಿಕೊಂಡ. ಬಂದವನು ಹೊಸಿಯಾಗಿಂತ ಎಷ್ಟೋ ಚಿಕ್ಕವನು, ಗದ್ದದ ಮೇಲೆ ಕೀವು ತುಂಬಿದ ಮೊಡವೆ.

‘ಲೇ ಹುಡುಗಾ, ಕಾರು ಯಾರ್ದೋ?’

‘ನಮ್ ಧಣಿದು ಬುದ್ಧಿ. ಅಟ್ಲಾಂಟಾಕ್ಕೆ ತಲುಪ್ಸೋಕೆ ಒಯ್ತಾ ಇದೀನಿ.’

‘ಇವಳು?’

‘ಧಣಿ ಮನೆ ಅಡುಗೆಯೋಳು ಬುದ್ಧಿ. ಅದು ಅವಳ ಕೂಸು.’

ನಾನು ತಲೆ ತಗ್ಗಿಸಿದೆ. ಹಿಂದಿನಿಂದ ಟೆಸ್ಸಿ, ‘ಅಪ್ಪಾ, ಇದು ನಮ್ ಕಾರಲ್ವಾ?’ ಎಂದಳು.

ಅವನು ಸಿಟ್ಟಾಗಲಿಲ್ಲ, ಅಮ್ಮಾ. ಆಟಕ್ಕೆ ಏನೋ ಸಿಕ್ಕಿದ ಹಾಗೆ ಅವನ ಮುಖ ಅರಳಿತು. ನಮ್ಮೆಲ್ಲರನ್ನೂ ಇಳಿಸಿ ರಸ್ತೆ ಬದಿಗೆ ನಿಲ್ಲಿಸಿದ. ‘ಅಪ್ಪನಂತೆ! ಹೇಳೋ, ಕೂಸಿಗೆ ಸರಿಯಾಗಿ ಹೇಳು, ನೀನ್ಯಾರು ಅಂತ.’

ಹೊಸಿಯಾ ಅವಳ ಮುಂದೆ ಬಗ್ಗಿದ. ‘ನಾನು ಡ್ರೈವರ್ ಕಣಮ್ಮಾ. ಕಾರು ಧಣಿದು.’

‘ಈಗ ಅವಳು ಹೇಳ್ಲಿ.’

ಟೆಸ್ಸಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ‘ಡ್ರೈವರ್. ಕಾರು ಧಣಿದು’ ಎಂದಳು.

‘ಬುದ್ಧಿ ಅನ್ನು.’

‘ಬುದ್ಧಿ.’

ಆಮೇಲೆ ಅವನು ಬುತ್ತಿಯ ಪೆಟ್ಟಿಗೆ ತೆಗೆದು ಒಂದು ಕೋಳಿ ತೊಡೆ ಎತ್ತಿಕೊಂಡ. ನಿಂತಲ್ಲೇ ತಿಂದ. ಆತುರವೇನಿಲ್ಲ, ಮೂಳೆ ಚೀಪಿ ಚೀಪಿ ತಿಂದ. ಮೂಳೆಯನ್ನು ಕೇಕಿನ ಮೇಲೆ ಎಸೆದ. ಟೆಸ್ಸಿಯನ್ನು ಹತ್ತಿರ ಎಳೆದುಕೊಂಡು, ಎಣ್ಣೆ ಕೈಗಳನ್ನು ಅವಳ ಬಿಳಿ ಫ್ರಾಕಿಗೆ ಒರೆಸಿಕೊಂಡ. ಅಂಗೈ ಒರೆಸಿದ, ಹಿಂಗೈ ಒರೆಸಿದ, ಬೆರಳ ಸಂದಿ ಒರೆಸಿದ. ಮೊಳೆಗೆ ನೇತುಹಾಕಿದ ಟವಲಿಗೆ ಒರೆಸುತ್ತಾರಲ್ಲ, ಹಾಗೆ. ‘ಹೋಗ್ರಿ’ ಎಂದ.

ಅವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಆಡಿಸಿದ.

ಸ್ವಲ್ಪ ಮುಂದೆ ಹೋದ ಮೇಲೆ ಹೊಸಿಯಾ, ‘ಆಯ್ತಲ್ಲ, ಮುಗೀತು. ಫ್ರಾಕು ಒಗೆದ್ರೆ ಹೋಗುತ್ತೆ’ ಎಂದ. ಒಗೆದರೆ ಹೋಗುತ್ತದೆ! ನಾನು ‘ತಿರುಗ್ಸು’ ಎಂದೆ. ‘ಅತ್ತೆ ಕಾಯ್ತಿರ್ತಾರೆ ಕ್ಲಿಯೋ’ ಎಂದ. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಮನೆಗೆ ಬಂದ ದಿನವೇ ಆ ಫ್ರಾಕನ್ನು ಒಲೆಗೆ ಹಾಕಿದೆ. ಉರಿಯುವಾಗಲೂ ಕೋಳಿಯ ವಾಸನೆ ಬಂತು.

ಅಮ್ಮಾ, ಇದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ. ಹೊಸಿಯಾನ ಕೈ ಭುಜಕ್ಕೆ ತಾಗಿದರೆ ನನ್ನ ಮೈ ಮುದುಡಿಕೊಳ್ಳುತ್ತದೆ. ಅವನು ಹಾಗೆ ನಡೆದುಕೊಂಡದ್ದಕ್ಕೇ ನಾವು ಜೀವಂತ ಇದ್ದೇವೆ, ಗೊತ್ತು. ಗೊತ್ತಿದ್ದರೆ ಹೇಸಿಗೆ ಹೋಗುತ್ತದೆಯೇ? ಅವನು ಊಟ ಮಾಡುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಕ್ಲಿಯೋರಾ


ಡೆಟ್ರಾಯಿಟ್
೩೧ ಆಗಸ್ಟ್ ೧೯೫೨

ಅತ್ತೆಯವರಿಗೆ,

ನಾನು ಕಾಗದ ಬರೆಯುವವನಲ್ಲ, ನಿಮಗೇ ಗೊತ್ತು. ಕ್ಲಿಯೋರಾ ನಿಮಗೆ ಬರೆದಿದ್ದಾಳೆ. ಏನು ಬರೆದಳೆಂದು ನಾನು ಕೇಳಿಲ್ಲ. ನಾನು ಬರೆದದ್ದು ಅವಳಿಗೆ ತಿಳಿಯುವುದು ಬೇಡ.

ಆ ಪೊಲೀಸಿನವನಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಅವನ ಬಗ್ಗೆ ನಾನು ಯೋಚಿಸುವುದಿಲ್ಲ. ನನಗೆ ಅಸಹ್ಯವಾಗಿರುವುದು ನನ್ನ ನಾಲಿಗೆ. ಹದಿನೆಂಟಕ್ಕೆ ಅರ್ಕನ್ಸಾಸ್ ಬಿಟ್ಟವನು ನಾನು. ಆ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಅವನು ಕೇಳಿದ್ದೇ ತಡ, ‘ಬುದ್ಧಿ’ ಎಂಬುದು ಬಾಯಿಂದ ತಾನಾಗಿ ಜಾರಿತು. ಹುಡುಕಬೇಕಾಗಲಿಲ್ಲ. ಬೆನ್ನು ತಾನಾಗಿ ಬಾಗಿತು. ದನಿ ನಮ್ಮಪ್ಪನದು.

ಮೊನ್ನೆ ಊಟಕ್ಕೆ ಕೂತಿದ್ದಾಗ ಟೆಸ್ಸಿಗೆ ‘ಆ ಬ್ರೆಡ್ಡು ಈ ಕಡೆ ಕೊಡಮ್ಮಾ’ ಎಂದೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು ‘ತಗೊಳ್ಳಿ ಬುದ್ಧಿ’ ಎಂದಳು. ಅಣಕಿಸಲಿಲ್ಲ ಅತ್ತೆ. ಅಣಕಿಸಿದ್ದರೆ ಗದರಿಸಬಹುದಿತ್ತು. ಕ್ಲಿಯೋರಾ ಸಾರು ಬಡಿಸುತ್ತಲೇ ಇದ್ದಳು. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಕ್ರಿಸ್‌ಮಸ್ಸಿಗೆ ನಿಮ್ಮಲ್ಲಿಗೆ ಬರಬೇಕೆಂದಿದ್ದೇನೆ. ಅದೇ ದಾರಿಯಲ್ಲಿ. ಹೋಗದಿದ್ದರೆ ಆ ಪೊಲೀಸಿನವನು ನಾವು ಸಾಯುವ ತನಕ ನಮ್ಮ ಊಟದ ಮೇಜಿನಲ್ಲೇ ಕೂತಿರುತ್ತಾನೆ. ಕ್ಲಿಯೋರಾಗೆ ನೀವೇ ಹೇಳಬೇಕು. ನಾನು ಹೇಳಿದರೆ ಅವಳು ಗೋಡೆ ನೋಡುತ್ತಾಳೆ.

ನಿಮ್ಮ ಅಳಿಯ,
ಹೊಸಿಯಾ


ಹ್ಯಾಡ್ಲೆ ಕ್ರಾಸಿಂಗ್
೧೪ ಸೆಪ್ಟೆಂಬರ್ ೧೯೫೨

ಕ್ಲಿಯೋರಾ,

ನಿನ್ನ ಕಾಗದ ಓದಿ ಎರಡು ದಿನ ಕೋಳಿ ಮಾಂಸ ಮುಟ್ಟಲಿಲ್ಲ. ಅವನ ಕೈ ಸೇದಿಹೋಗಲಿ. ಅವನ ಗದ್ದದ ಕೀವು ಮಿದುಳಿಗೇರಲಿ. ಪಾದ್ರಿಗಳು ಶಪಿಸಬಾರದು ಎನ್ನುತ್ತಾರೆ, ಅದಕ್ಕೇ ಕಾಗದದಲ್ಲಿ ಶಪಿಸುತ್ತಿದ್ದೇನೆ.

ಈಗ ನಿನ್ನ ಸರದಿ. ಗಂಡನ ಮೇಲೆ ಹೇಸಿಗೆ ಪಡುತ್ತೀಯಾ? ಸತ್ತಿದ್ದರೆ ಧೀರ, ಬದುಕಿ ಬಂದದ್ದಕ್ಕೆ ಹೇಡಿಯೋ? ಕಲ್ಲು ನೆಡಿಸಿದವಳು ನಾನು, ನನ್ನನ್ನು ಕೇಳು. ಮುಕ್ಕಾದ ಕಲ್ಲಿನ ಜೊತೆ ಸಂಸಾರ ಮಾಡುವುದಕ್ಕಿಂತ ಟೋಪಿ ಹಾಕಿದ ಗಂಡನ ಜೊತೆ ಮಾಡುವುದು ವಾಸಿ. ಅವನು ಊಟ ಮಾಡುವಾಗ ಅವನ ಕಡೆಗೇ ನೋಡು.

ತಪ್ಪು ಅಂತ ಇದ್ದರೆ ಮಗುವಿಗೆ ಏನೂ ಹೇಳಿಕೊಡದೆ ಹೊರಟದ್ದು. ಅಲ್ಲಿನ ಶಾಲೆಯಲ್ಲಿ ಏನೇನೋ ಕಲಿಸುತ್ತಾರೆ, ಇದನ್ನು ಮನೆಯಲ್ಲೇ ಕಲಿಸಬೇಕು. ಬಿಳಿಯರು ಎದುರಾದರೆ ಕಣ್ಣು ನೆಲಕ್ಕೆ, ಕೈ ಬೆನ್ನಿಗೆ ಎಂದು ನಿನಗೆ ಐದು ವರ್ಷಕ್ಕೇ ಕಲಿಸಿದೆ. ನೀನು ಅತ್ತುಬಿಟ್ಟೆ. ಬಾಗಿಲ ಹಿಂದೆ ನಿಲ್ಲಿಸಿ, ಅದು ಸರಿಯಾಗಿ ಬರುವ ತನಕ ಬಿಡಲಿಲ್ಲ. ಅದಕ್ಕೇ ಇವತ್ತು ಡೆಟ್ರಾಯಿಟ್‌ನಲ್ಲಿ ಕೂತು ನನಗೆ ಕಾಗದ ಬರೆಯಲು ನೀನು ಅಂತ ಒಬ್ಬಳು ಇದ್ದೀಯ. ಟೆಸ್ಸಿಗೂ ಕಲಿಸು. ಕಲಿಸಿ, ಕ್ರಿಸ್‌ಮಸ್ಸಿಗೆ ಕರೆದುಕೊಂಡು ಬಾ.

ಅಮ್ಮ


ಡೆಟ್ರಾಯಿಟ್
೯ ನವೆಂಬರ್ ೧೯೫೨

ಅಮ್ಮಾ,

ಕಲಿಸಿದೆ.

ಮೊದಲು ಹೊಸಿಯಾನಿಗೆ ಹೇಳಿದೆ. ‘ನನ್ನ ಕೈಲಿ ಆಗಲ್ಲ’ ಎಂದು ಬಕೆಟ್ಟು ತಗೊಂಡು ಕಾರು ತೊಳೆಯಲು ಹೋದ. ನಾನೇ ಕುರ್ಚಿಯ ಮೇಲೆ ಕಾಲು ಚಾಚಿ ಪೊಲೀಸಿನವನಾಗಿ ಕೂತೆ. ‘ಲೇ, ಕಾರು ಯಾರ್ದು?’

ಟೆಸ್ಸಿ ಎದುರಿಗೆ ಬಂದು ನಿಂತಳು. ‘ಸುಳ್ಳು ಹೇಳಿದ್ರೆ ದೇವರು ಬಯ್ಯಲ್ವಾ?’ ಎಂದಳು.

‘ಇದಕ್ಕೆ ಬಯ್ಯಲ್ಲ.’

‘ನಿಜ ಹೇಳಿದ್ರೆ?’

‘ಅಪ್ಪಂಗೆ ಹೊಡೀತಾರೆ. ಕೊಂದೂ ಹಾಕ್ಬಹುದು.’

‘ಕಾರು ಇರೋದಕ್ಕಾ?’

‘ಹೂಂ.’

ಕಿಟಕಿಯ ಬಳಿ ಹೋಗಿ, ಕಾರು ತೊಳೆಯುತ್ತಿದ್ದ ಅಪ್ಪನನ್ನು ನೋಡಿಕೊಂಡು ಬಂದಳು. ಕೈ ಬೆನ್ನಿಗಿಟ್ಟುಕೊಂಡು, ‘ನಮ್ ಧಣಿದು ಬುದ್ಧಿ’ ಎಂದಳು. ಸರಿಯಾಗಿ ಹೇಳಿದಳು. ಆಮೇಲೆ ನನ್ನನ್ನು ಕೇಳಿದಳು, ‘ನಗಬೇಕಾ ಅಮ್ಮಾ? ಆವತ್ತು ಅವನಿಗೆ ನಾವು ನಕ್ಕಿದ್ರೆ ಇಷ್ಟ ಆಗ್ತಿತ್ತು ಅನ್ಸುತ್ತೆ.’ ಕೇಳಿ, ನಕ್ಕು ತೋರಿಸಿದಳು. ಮುದ್ದಾದ ನಗು, ಅಮ್ಮಾ. ಮುಂದಿನ ಹಲ್ಲು ಬಿದ್ದಿದೆಯಲ್ಲ.

ನಾನು ಅಡುಗೆಮನೆಗೆ ಹೋಗಿ ತೊಟ್ಟಿಯಲ್ಲಿ ವಾಂತಿ ಮಾಡಿದೆ.

ಹೊಸಿಯಾ ಒಳಗೆ ಬಂದು ನನ್ನ ಹಣೆ ಹಿಡಿದುಕೊಂಡ. ನಾನು ಅವನ ಕೈ ತೆಗೆಯಲಿಲ್ಲ. ಅಷ್ಟು ಮಟ್ಟಿಗೆ ನಿನ್ನ ಮಾತು ಕೇಳಿದ್ದೇನೆ.

ನೀನು ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿದ ದಿನ ನಿನಗೆ ಏನಾಗಿತ್ತು ಎಂದು ಕೇಳಬೇಕೆಂದಿದ್ದೆ. ಬೇಡ, ಬರೆಯಬೇಡ.

ಕ್ರಿಸ್‌ಮಸ್ಸಿಗೆ ಬರುತ್ತೇವೆ.

ಕ್ಲಿಯೋರಾ


ಹ್ಯಾಡ್ಲೆ ಕ್ರಾಸಿಂಗ್
೧೧ ಜನವರಿ ೧೯೫೩

ಪ್ರೀತಿಯ ಕ್ಲಿಯೋರಾ,

ನೀವು ಸುಖವಾಗಿ ಮನೆ ಮುಟ್ಟಿದ ಕಾರ್ಡು ಬಂತು. ಬರುವಾಗಲೂ ಹೋಗುವಾಗಲೂ ದಾರಿಯಲ್ಲಿ ಯಾರೂ ಕೈ ಅಡ್ಡ ಹಾಕಲಿಲ್ಲ, ದೇವರು ದೊಡ್ಡವನು. ಅಪ್ಪನ ಕಲ್ಲು ನೋಡಿದಿರಿ. ಮೇಬಲ್ ಕಾರಿನ ಸೀಟು ಸವರಿ ಸವರಿ ನೋಡಿದಳು. ಎಲ್ಲವೂ ಚೆನ್ನಾಯಿತು ಎಂದುಕೊಂಡೇ ನೀನು ಹೋದೆ. ನಾನೂ ನಗುತ್ತಲೇ ಕಳಿಸಿಕೊಟ್ಟೆ. ಒಂದು ವಿಷಯ ನಿನಗೆ ಹೇಳಲಿಲ್ಲ. ಹೊಸಿಯಾನೂ ಹೇಳಿರಲಾರ.

ನೀನು ಮೇಬಲ್ ಜೊತೆ ಚರ್ಚಿಗೆ ಹೋಗಿದ್ದ ಶನಿವಾರ, ವಿಮೆಯ ಕಂತು ಎತ್ತುವ ಬಿಳಿಯ ಬಂದ. ಅವನ ರೀತಿ ನಿನಗೆ ಗೊತ್ತು. ಬಾಗಿಲು ತಟ್ಟುವುದಿಲ್ಲ, ಹ್ಯಾಟು ತೆಗೆಯುವುದಿಲ್ಲ, ನನಗೆ ಮಗನಾಗುವಷ್ಟು ಚಿಕ್ಕವನು ‘ಏನೇ ಓಜೆಲ್ಲಾ’ ಎನ್ನುತ್ತಾ ನೇರ ಅಬ್ನರನ ಕುರ್ಚಿಯಲ್ಲಿ ಕೂರುತ್ತಾನೆ. ಕೂತು, ಕಿಟಕಿಯಾಚೆ ನೋಡಿ, ‘ಒಳ್ಳೆ ಕಾರು’ ಅಂದ. ಅಷ್ಟೇ ಅಂದದ್ದು. ಯಾರನ್ನೂ ಏನೂ ಕೇಳಲಿಲ್ಲ. ಅವನ ದನಿಯಲ್ಲಿ ಕೊಂಕೂ ಇರಲಿಲ್ಲ.

ಟೆಸ್ಸಿ ನೆಲದ ಮೇಲೆ ಕಾಗದದ ಬೊಂಬೆಗಳಿಗೆ ಅಂಗಿ ತೊಡಿಸುತ್ತಿದ್ದಳು. ಎದ್ದು ನಿಂತಳು. ಕೈ ಬೆನ್ನಿಗೆ ಹೋಯಿತು, ಕಣ್ಣು ನೆಲಕ್ಕೆ ಹೋಯಿತು. ನಕ್ಕಳು. ‘ನಮ್ ಧಣಿದು ಬುದ್ಧಿ. ನಾವು ಬರೀ ತಲುಪ್ಸೋಕೆ ಬಂದಿರೋದು’ ಅಂದಳು. ಹೊಸಿಯಾ ಅಂಗಳದಲ್ಲಿ ನನ್ನ ಜಗಲಿಯ ಮೆಟ್ಟಿಲು ರಿಪೇರಿ ಮಾಡುತ್ತಿದ್ದ. ಅವನ ಕಡೆ ಬೆರಳು ತೋರಿಸಿ, ‘ಅವ್ರು ಡ್ರೈವರ್ರು. ನಂ‌ಗೆ ಅವ್ರು ಏನೂ ಆಗ್ಬೇಕಿಲ್ಲ’ ಅಂದಳು.

ಸುತ್ತಿಗೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಅವನು ಜೇಬಿನಿಂದ ಒಂದು ಪೆಪ್ಪರಮೆಂಟು ತೆಗೆದು ಅವಳ ಕೈಗೆ ಕೊಟ್ಟು, ತಲೆ ಸವರಿದ. ‘ಜಾಣೆ. ಚೆನ್ನಾಗಿ ಬೆಳೆಸಿದ್ದೀಯ ಓಜೆಲ್ಲಾ’ ಅಂದ.

ಅವನು ಹೋದ ಮೇಲೆ ಟೆಸ್ಸಿ ಪೆಪ್ಪರಮೆಂಟು ಚೀಪುತ್ತಾ ನನ್ನ ಮಗ್ಗುಲಿಗೆ ಬಂದು, ‘ನಾನು ಸರಿಯಾಗಿ ಹೇಳಿದ್ನಾ ಅಜ್ಜಿ?’ ಎಂದು ಕೇಳಿದಳು. ಥೂ, ಈ ಬಾಯಿ! ‘ಸರಿಯಾಗಿ ಹೇಳ್ದೆ ಕಂದಾ’ ಎಂದಿತು.

ನೀವು ಹೊರಟ ಮಾರನೆಯ ದಿನ ಆ ಕುರ್ಚಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಕುದಿಯುವ ಸೋಪಿನ ನೀರು ಹೊಯ್ದು ಉಜ್ಜಿದೆ. ಬಣ್ಣವೆಲ್ಲ ಎದ್ದುಹೋಯಿತು. ಕುರ್ಚಿಯದೇನು ತಪ್ಪು? ಆ ಮಾತು ಮಾತ್ರ ಮೈಗೆ ಜಿಗುಟಾಗಿ ಅಂಟಿಕೊಂಡಿದೆ. ಚೆನ್ನಾಗಿ ಬೆಳೆಸಿದ್ದೀಯ. ಊಟಕ್ಕೆ ಕೂತರೆ ಅನ್ನಕ್ಕಿಂತ ಮೊದಲು ಅದೇ ಗಂಟಲಿಗೆ ಬರುತ್ತದೆ.

ಕೇಳು ಮಗಳೇ. ಇನ್ನು ಟೆಸ್ಸಿಯನ್ನು ಇಲ್ಲಿಗೆ ಕರೆತರಬೇಡ. ನನಗೆ ಕಾಯಿಲೆ ಎಂದು ತಂತಿ ಬಂದರೂ ಬೇಡ, ಸತ್ತೆನೆಂದು ಬಂದರೂ ಬೇಡ. ನಾನು ಕರೆದರೂ ಕರೆತರಬೇಡ. ಅವಳು ಈ ದಾರಿಯನ್ನು ಮರೆಯಲಿ. ಅಲ್ಲಿ ಹೊಸಿಯಾನ ಭುಜದ ಮೇಲೆ ಕೂತು ಬೀದಿಯೆಲ್ಲ ಕೇಳುವ ಹಾಗೆ ಅಪ್ಪಾ ಅಪ್ಪಾ ಎಂದು ಕೂಗಲಿ. ನೀನು ಬಾಯಿ ಮುಚ್ಚಿಸಬೇಡ.

ಅವಳನ್ನು ನೋಡದೆ ನನ್ನಿಂದಾಗುವುದಿಲ್ಲ, ಅದಕ್ಕೆ ನಾನೇ ಬರುತ್ತೇನೆ. ಈಸ್ಟರ್‌ಗೆ. ಇಂಜಿನ್ನಿನ ಬೆನ್ನಿಗೇ ನಮ್ಮವರಿಗೆಂದು ಜೋಡಿಸುತ್ತಾರಲ್ಲ, ಆ ಬೋಗಿಯಲ್ಲಿ. ಅರ್ಧ ಜಾಗದಲ್ಲಿ ಬಿಳಿಯರ ಪೆಟ್ಟಿಗೆಗಳು, ಕಿಟಕಿ ತೆರೆದರೆ ಮಸಿ, ಮುಚ್ಚಿದರೆ ಪಾಯಿಖಾನೆಯ ನಾತ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಿನ್ಸಿನಾಟಿಯವರೆಗೂ ಕೂರುತ್ತೇನೆ; ಅಲ್ಲಿಂದಾಚೆ ನಮ್ಮವರಿಗೆಂದು ಬೇರೆ ಬೋಗಿಯಿಲ್ಲ. ನೀನು ಸಂಕಟಪಡಬೇಡ. ನನಗೆ ಅರವತ್ತೆಂಟು. ಆ ಬೋಗಿ ನನಗೆ ಹೊಸದಾಗಿ ಏನನ್ನೂ ಕಲಿಸಲಾರದು.

ನಿನ್ನ ಅಮ್ಮ,
ಓಜೆಲ್ಲಾ